ಬುಧವಾರಕ್ಕೆ ಕರೆದವಳು

ಕುರುಗೋಡಿನ ಹುಲುಗಮ್ಮನ ಮನೆ ಮುಂದಿನ ಬೇವಿನ ಮರವನ್ನು ಯಾರೂ ನೆಟ್ಟಿದ್ದಲ್ಲ. ಅವಳು ತೆಕ್ಕಲಕೋಟೆಯಿಂದ ಸೊಸೆಯಾಗಿ ಬಂದ ವರ್ಷ, ಬಚ್ಚಲ ನೀರು ಹರಿಯುವ ಕಡೆ ತಾನಾಗಿ ಹುಟ್ಟಿತ್ತು. ಅತ್ತೆ ಅದರ ಬುಡದಲ್ಲೊಂದು ಕಲ್ಲಿಟ್ಟು, ಅರಿಷಿಣ ಬಳಿದು, ಅಮ್ಮ ಬಂದು ಕೂತಳು ಎಂದು ಕೈಮುಗಿದಳು. ಅಂದಿನಿಂದ ಮಂಗಳವಾರ, ಶುಕ್ರವಾರ ಮರಕ್ಕೆ ನೀರು, ಕುಂಕುಮ. ಆ ಎರಡು ದಿನ ಅದಕ್ಕೆ ಕುಡುಗೋಲು ತಾಗಿಸುವಂತಿರಲಿಲ್ಲ. ಅತ್ತೆ ಹೋದಳು, ಗಂಡನೂ ಹೋದ. ಮಗ ಗಾದಿಲಿಂಗ ಜೀನ್ಸ್ ಹೊಲಿಯುವ ಕೆಲಸಕ್ಕೆಂದು ದಿನಾ ಬಳ್ಳಾರಿಯ ಬಸ್ಸು ಹತ್ತುವವನಾದ. ಮರ ಮಾತ್ರ ಮಾಳಿಗೆ ದಾಟಿ ಬೆಳೆದು ಬೀದಿಯ ಕರೆಂಟಿನ ತಂತಿಗೆ ಹೋಗಿ ತಾಗಿತು.

ವರ್ಷಕ್ಕೊಮ್ಮೆ ಟೊಂಗೆ ಸವರಲು ಬರುತ್ತಿದ್ದವನು ಹಿಂದಿನ ಓಣಿಯ ಉಚ್ಚೆಂಗೆಪ್ಪ. ಅವನು ದುಡ್ಡು ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ಆರು ಆಡುಗಳಿದ್ದವು, ಕಡಿದ ಸೊಪ್ಪೇ ಅವನ ಕೂಲಿ. ಯಾರ ಮನೆಯ ಮರವೇ ಆಗಲಿ, ಬಾಗಿಲಲ್ಲಿ ನಿಂತು ಒಂದು ಮಾತು ಕೇಳದೆ ಎಲೆ ಹರಿಯುತ್ತಿರಲಿಲ್ಲ. ಮರ ಹತ್ತುವ ಮೊದಲು ಕಟ್ಟೆಯ ಮೇಲೆ ಕೂತು ಚಹಾ ಕುಡಿಯಬೇಕು, ಹುಲುಗಮ್ಮನನ್ನು ಒಂದಿಷ್ಟು ಕೆಣಕಬೇಕು.

"ಯಕ್ಕಾ, ನಿನ್ನ ಬೇವಿನ ಎಲಿ ನನ್ನ ಆಡಿಗೆ ಬೆಲ್ಲ ಇದ್ದಂಗ. ಈ ಚಾ ಕುಡಿಸಿದ್ರ ಮಾತ್ರ ಹಗ್ಗ ಹರ್ಕೊಂಡು ಓಡಿಹೋಗ್ತಾವ ನೋಡು."

"ಹಂಗಾರ ಲೋಟ ಇಲ್ಲಿ ಕೊಡಲೇ."

"ಕುಡದು ಕೊಡ್ತೀನಿ, ತಡಿ."

ಆ ವರ್ಷ ಬೇಸಿಗೆಯ ಗಾಳಿ ಏಳುವ ಮುಂಚೆ ಲೈನ್‌ಮನ್ ಅಂಜಿನೇಯ ಬಂದು ಮರ ನೋಡಿದ.

"ಯಮ್ಮಾ, ಮರ ನಿಮ್ದು, ನಿಮ್ಮ ಜಾಗದಾಗ ಐತಿ. ಟೊಂಗಿ ಕಡಿಸೋದು ನಿಮ್ಮ ಜವಾಬ್ದಾರಿ. ಬರೋ ಮಂಗಳವಾರ ಮಧ್ಯಾಹ್ನದ ತನಕ ಲೈನ್ ಬಂದ್ ಇರ್ತೈತಿ, ಅಷ್ಟ್ರಾಗ ಕಡಿಸಿಬಿಡ್ರಿ."

"ಮಂಗಳವಾರ ಆಗಂಗಿಲ್ಲಪ್ಪಾ, ಅಮ್ಮನ ವಾರ. ಬ್ಯಾರೆ ದಿನ ಬಂದ್ ಮಾಡ್ರಿ."

"ಲೈನ್ ನಮ್ಮಪ್ಪನ ಮನೀದೇನು, ನಿಮ್ಮ ಅಮ್ಮನ್ನ ಕೇಳಿ ಬಂದ್ ಮಾಡಾಕ? ಬ್ಯಾರೆ ದಿನ ಬೇಕಂದ್ರ ಆಫೀಸಿಗೆ ಬಂದು ಒಂದು ಅರ್ಜಿ ಕೊಡ್ರಿ."

ಹುಲುಗಮ್ಮನಿಗೆ ಬರೆಯಲು ಬಾರದು. ಮಗನಿಗೆ ಹೇಳೋಣವೆಂದರೆ ಅವನು ಮನೆಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತಿದ್ದ. ಅರ್ಜಿ ಹಾಗೇ ಉಳಿಯಿತು.

ಸುದ್ದಿ ತಿಳಿದ ಉಚ್ಚೆಂಗೆಪ್ಪ ಮಂಗಳವಾರ ಬೆಳಿಗ್ಗೆಯೇ ಹಗ್ಗ, ಕುಡುಗೋಲು ಹಿಡಿದು ಬಂದ. ಹುಲುಗಮ್ಮ ಆಗತಾನೇ ಮರಕ್ಕೆ ನೀರು ಹಾಕಿದ್ದಳು.

"ಇವತ್ತು ಬ್ಯಾಡೋ. ನಾಳೆ ಬಾ."

"ನಾಳೆ ತಂತ್ಯಾಗ ಕರೆಂಟ್ ಇರ್ತೈತಲ್ಲಕ್ಕ."

"ತಂತಿ ಕಡೇದು ಬಿಡು. ಈ ಕಡೇದಷ್ಟು ಕಡಿ."

ಅವನು ಕತ್ತೆತ್ತಿ ಮರ ನೋಡಿದ, ಆಮೇಲೆ ಅವಳನ್ನು ನೋಡಿದ. "ಆತು ಬಿಡಕ್ಕಾ" ಎಂದು ಹೊರಟುಹೋದ.

ಬುಧವಾರ ಬಂದ, ಚಹಾ ಕುಡಿದ, ಆಡಿನ ಮಾತನ್ನೇ ಮತ್ತೆ ಆಡಿ ನಗಿಸಿದ, ಮರ ಹತ್ತಿದ. ಹುಲುಗಮ್ಮ ಅವನ ಲೋಟ ತೊಳೆಯಲು ಒಳಗೆ ಹೋದಳು. ಪಟ್ ಎಂದು ಸದ್ದಾಯಿತು, ಪಡಸಾಲೆಯ ಫ್ಯಾನು ನಿಂತಿತು. ಕರೆಂಟು ಹೋಯಿತು, ಉಚ್ಚೆಂಗೆಪ್ಪನಿಗೆ ಒಳ್ಳೆಯದೇ ಆಯಿತು ಎಂದುಕೊಂಡಳು. ಲೋಟ ಬೋರಲು ಹಾಕಿ ಹೊರಗೆ ಬಂದಾಗ ಅವನು ಅಮ್ಮನ ಕಲ್ಲಿನ ಪಕ್ಕದಲ್ಲೇ ಬಿದ್ದಿದ್ದ. ಅರ್ಧ ಕಡಿದ ಟೊಂಗೆ ಗಿರ್ರನೆ ತಿರುಗಿ ತಂತಿಯ ಮೇಲೆ ಕೂತಿತ್ತು. ಅದನ್ನು ಹಿಡಿದಿದ್ದ ಕೈಯನ್ನು ಕರೆಂಟು ಹೊಡೆಯುವ ಮೊದಲು ಬಿಡಿಸಿಕೊಳ್ಳಲು ಅವನಿಗೆ ಆಗಿರಲಿಲ್ಲ.

ಗಾದಿಲಿಂಗ ಬಳ್ಳಾರಿಯಿಂದ ಓಡಿ ಬಂದ. ಪೊಲೀಸರು ಬರುವ ಮುಂಚೆ ತಾಯಿಯನ್ನು ಒಳಕೋಣೆಗೆ ಕರೆದ.

"ಯಮ್ಮಾ, ಯಾರು ಕರದ್ರು ಅಂತ ಕೇಳ್ತಾರ. ಗೊತ್ತಿಲ್ಲ ಅನ್ನು. ಮರದ ಮಾಲಕರು ಅಂತ ನಮ್ಮನ್ನ ಹಿಡಕೊಂಡು ಕುಂದರ್ತಾರ."

ಪೊಲೀಸರು ಕೇಳಿದಾಗ ಅವಳು ಹಾಗೇ ಅಂದಳು. ಯಾರೂ ಕರೆಯದೆ, ಆಡಿನ ಸೊಪ್ಪಿಗಾಗಿ ತಾನೇ ಹತ್ತಿದ ಎಂದು ಬರೆದ ಹಾಳೆಯನ್ನು ಅವರು ಅವಳೆದುರು ಓದಿದರು. ಹುಲುಗಮ್ಮ ಹೆಬ್ಬೆಟ್ಟು ಒತ್ತಿದಳು.

ಊರ ಬಾಯಲ್ಲಿ ಆ ಹಾಳೆಯ ಮಾತು ಬೇರೆಯಾಯಿತು. ಮನೆಯವರಿಗೆ ಗೊತ್ತಾಗದಂತೆ ಕದ್ದು ಹತ್ತಿದ್ದನಂತೆ ಎಂದರು. ಒಂದು ದಿನ ನಲ್ಲಿಯ ಹತ್ತಿರ ಯಾರೋ ಹಾಗೆ ಅಂದದ್ದು ಉಚ್ಚೆಂಗೆಪ್ಪನ ಹೆಂಡತಿ ಪಕ್ಕೀರಮ್ಮನ ಕಿವಿಗೆ ಬಿತ್ತು. ಅವಳು ತುಂಬಿದ ಕೊಡ ಕೆಳಗಿಟ್ಟಳು.

"ನನ್ನ ಗಂಡ ಕೇಳದೆ ಯಾರ ಎಲೀನೂ ಮುಟ್ಟಿದವ ಅಲ್ಲ" ಎಂದಳು. ಯಾರ ಮುಖ ನೋಡಿಯೂ ಹೇಳಲಿಲ್ಲ. ಪಾಳಿಯಲ್ಲಿ ಅವಳ ಹಿಂದೆಯೇ ಹುಲುಗಮ್ಮ ಖಾಲಿ ಕೊಡ ಹಿಡಿದು ನಿಂತಿದ್ದಳು. ನೀರು ಹಿಡಿಯದೆ ಮನೆಗೆ ಬಂದಳು.

ಅಂದಿನಿಂದ ಅವಳಿಗೆ ಅನ್ನ ರುಚಿಸಲಿಲ್ಲ. ಕಲ್ಲಿಗೆ ಕುಂಕುಮ ಹಚ್ಚಲು ಬಗ್ಗಿದರೆ ಅವನು ಬಿದ್ದ ಜಾಗವೇ ಕಾಣುತ್ತಿತ್ತು. ತಂತಿಯಿಂದ ಸರಿಸಿ ಬಿಟ್ಟಿದ್ದ ಆ ಅರ್ಧ ಕಡಿದ ಟೊಂಗೆ ಒಣಗಿ ಜೋತಾಡುತ್ತಿತ್ತು.

ಮತ್ತೊಂದು ಮಂಗಳವಾರ ಲೈನ್ ಬಂದ್ ಮಾಡುತ್ತಾರೆಂದು ಅಂಜಿನೇಯ ಹೇಳಿಹೋದ. ಈ ಸಲ ಅವಳು ವಾರ ನೋಡಲಿಲ್ಲ. ಎರಡು ಆಳು ಕರೆಸಿ, ತಾನೇ ಬುಡದಲ್ಲಿ ನಿಂತು, ತಂತಿಯ ಕಡೆಯ ಟೊಂಗೆಗಳನ್ನೆಲ್ಲ ಇಳಿಸಿದಳು. ಹಸಿ ಸೊಪ್ಪು ಕಟ್ಟಿ, ತಲೆಯ ಮೇಲೆ ಹೊತ್ತು ಪಕ್ಕೀರಮ್ಮನ ಬಾಗಿಲಿಗೆ ಹೋದಳು.

"ಪಕ್ಕೀರಮ್ಮಾ, ಅವನ್ನ ನಾನು ಕರದಿದ್ದೆ. ಮಂಗಳವಾರ ಬಂದಿದ್ದ, ತಿರುಗಿ ಕಳಿಸಿ ಬುಧವಾರ ಬಾ ಅಂದೆ."

ಪಕ್ಕೀರಮ್ಮ ಹೊಸ್ತಿಲಿಂದ ಏಳಲಿಲ್ಲ. "ಜೋರಾಗಿ ಹೇಳು. ಓಣಿಗೆ ಕೇಳ್ಲಿ."

ಹುಲುಗಮ್ಮ ಓಣಿಗೆ ಕೇಳುವಂತೆ ಮತ್ತೊಮ್ಮೆ ಹೇಳಿದಳು. ಎದುರು ಮನೆಯ ಬಾಗಿಲುಗಳಲ್ಲಿ ಮುಖಗಳು ಕಂಡವು. ಪಕ್ಕೀರಮ್ಮ ಕೇಳಿದಳು:

"ಅವತ್ತು ಚಾ ಕುಡದಿದ್ನೇನು?"

"ಕುಡದಿದ್ದ. ನಕ್ಕಂತ ಹತ್ತಿದ."

ಪಕ್ಕೀರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಆಡು ಮಾರಿಬಿಟ್ಟೀನಿ. ಸೊಪ್ಪು ತಗೊಂಡು ಹೋಗು."

ಹುಲುಗಮ್ಮ ಹೊರೆಯನ್ನು ಮತ್ತೆ ಹೊತ್ತು ಮನೆಗೆ ತಂದಳು. ಸಂಜೆ ಗಾದಿಲಿಂಗ ಬಸ್ಸಿಳಿದು ಬಂದಾಗ ಅಂಗಳದಲ್ಲಿ ಬಾಡಿದ ಸೊಪ್ಪು, ಪಕ್ಕದಲ್ಲಿ ತಾಯಿ.

"ನನ್ನ ಸ್ಟೇಷನ್ನಿಗೆ ಕರ್ಕೊಂಡು ನಡಿ. ಆ ಹಾಳ್ಯಾಗ ಬರದದ್ದು ಸುಳ್ಳೈತಿ."

"ಯಮ್ಮಾ, ತಲಿ ನೆಟ್ಟಗೈತೇನು ನಿಂದು? ಹೆಬ್ಬೆಟ್ಟು ಒತ್ತಿ ಆಗೇತಿ."

"ಒತ್ತಿದ ಬೆಟ್ಟು ನಂದೇ ಐತಲ್ಲ. ಇನ್ನೊಮ್ಮೆ ಒತ್ತತೀನಿ."

ಅವನು ಇನ್ನೂ ಏನೋ ಹೇಳುತ್ತಿದ್ದ. ಅವಳು ಆಗಲೇ ಚಪ್ಪಲಿ ಮೆಟ್ಟಿದ್ದಳು.