ಹುಸೇನಪ್ಪ ಬೇಡವೆಂದ ಊರು

ದೇವದುರ್ಗದಲ್ಲಿ ಯಾರಿಗಾದರೂ ಸಮುದ್ರದ ಬಗ್ಗೆ ಏನಾದರೂ ಕೇಳಬೇಕೆನಿಸಿದರೆ ಹುಸೇನಪ್ಪನ ಸಿಮೆಂಟ್ ಅಂಗಡಿಗೆ ಬರುತ್ತಿದ್ದರು. ಸಮುದ್ರ ಅಲ್ಲಿಂದ ನಾನೂರು ಕಿಲೋಮೀಟರಿಗೂ ಆಚೆ ಇರುವುದರಿಂದ ಅಂಥ ಗಿರಾಕಿಗಳು ತಿಂಗಳಿಗೊಬ್ಬರು ಬಂದರೆ ಹೆಚ್ಚು. ಬಂದವರಿಗೆ ಹುಸೇನಪ್ಪ ಚಹಾ ಹೇಳಿ, ಕುರ್ಚಿ ಹಿಂದಕ್ಕೆ ವಾಲಿಸಿ, ಅಲೆ ಯಾವಾಗ ಏರುತ್ತದೆ, ಯಾವ ಮೀನಿಗೆ ಮುಳ್ಳು ಕಡಿಮೆ ಎಂದು ವಿವರಿಸುತ್ತಿದ್ದ. ಕೊನೆಗೆ ಒಂದು ಮಾತು ತೂಕಕ್ಕೆಂಬಂತೆ ಹಾಕುತ್ತಿದ್ದ: "ಆರು ವರ್ಷ ಅಲ್ಲಿ ಸೂಪರ್‌ವೈಸರ್ ಇದ್ದೆನ್ರೀ."

ಅಂಗಡಿಯ ಬೋರ್ಡಿನಲ್ಲಿ 'ಶ್ರೀ ತಿಮ್ಮವ್ವ ಸಿಮೆಂಟ್ ಮತ್ತು ಸ್ಟೀಲ್' ಎಂದಿತ್ತು. ಹೊಸಬರು ಅದನ್ನು ಯಾವುದೋ ಊರ ದೇವತೆಯ ಹೆಸರೆಂದುಕೊಂಡು ಬೋರ್ಡಿಗೆ ಕೈ ಮುಗಿಯುತ್ತಿದ್ದರು. ಅದು ಅವನ ತಾಯಿಯ ಹೆಸರು. ಹುಸೇನಪ್ಪ ಯಾರನ್ನೂ ತಿದ್ದುತ್ತಿರಲಿಲ್ಲ. ಕೈ ಮುಗಿದು ಒಳಗೆ ಬಂದ ಗಿರಾಕಿ ಚೌಕಾಸಿ ಕಡಿಮೆ ಮಾಡುತ್ತಾನೆ.

ಆ ಆರು ವರ್ಷದಲ್ಲಿ ಸುಳ್ಳೆಷ್ಟು, ನಿಜವೆಷ್ಟು ಎಂಬುದು ಅವನಿಗೂ ತಿಮ್ಮವ್ವನಿಗೂ ಮಾತ್ರ ಗೊತ್ತಿತ್ತು. ಅಪ್ಪ ಸತ್ತ ವರ್ಷ ತಾಯಿ ಮಗ ಇಬ್ಬರೂ ಕುಂದಾಪುರಕ್ಕೆ ದುಡಿಯಲು ಹೋದರು. ಊರ ಹೊರಗೆ ತಗಡಿನ ಶೆಡ್ಡು, ಮೂರು ಕಲ್ಲಿನ ಒಲೆ, ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಇಟ್ಟಿಗೆ. ಹತ್ತೊಂಬತ್ತರ ಹುಡುಗ ಒಂದು ವರ್ಷ ಹೊತ್ತ. ಅಕ್ಷರ ಬಲ್ಲವನೆಂದು ಮೇಸ್ತ್ರಿ ಅವನ ಕೈಗೆ ಹಾಜರಿ ಪುಸ್ತಕ ಕೊಟ್ಟ. ಆಮೇಲಿನ ಐದು ವರ್ಷ ಅವನು ನೆರಳಲ್ಲಿ ನಿಂತು ಕೂಗಿದ ಹೆಸರುಗಳಲ್ಲಿ ತಿಮ್ಮವ್ವನ ಹೆಸರೂ ಒಂದು. ಅವಳು ಆರೂ ವರ್ಷ ಹೊತ್ತಳು. ಅಂಗಡಿಗೆ ಬಂಡವಾಳವಾದದ್ದು ಆ ದುಡಿಮೆಯೇ.

ಮಾನ್ವಿಗೆ ಹೆಣ್ಣು ನೋಡಲು ಹೋದಾಗ ಹುಡುಗಿ ಮಂಜುಳಾ ಪಿಯುಸಿ ಪಾಸು ಎಂದು ಗೊತ್ತಾಯಿತು. ಹುಸೇನಪ್ಪ ಅಲ್ಲಿಯೇ ಸೂಪರ್‌ವೈಸರ್ ಆದ. ತಾಯಿ ಎಲ್ಲಿದ್ದರು ಎಂದು ಬೀಗರು ಕೇಳಿದ್ದಕ್ಕೆ, "ಅವ್ವ ಊರಾಗೇ ಇದ್ಲು, ಎಲ್ಲಿಗೂ ಹೋದಾಕಿಯಲ್ಲ" ಎಂದ. ಪಕ್ಕದಲ್ಲೇ ಕೂತಿದ್ದ ತಿಮ್ಮವ್ವ ಬಸಿಯಲ್ಲಿದ್ದ ಚಹಾ ನೋಡುತ್ತ, "ಹೂಂರೀ" ಎಂದಳು. ಆ ಒಂದು ಹೂಂ ಮೇಲೆ ಹದಿನಾರು ವರ್ಷ ಸಂಸಾರ ಸುಸೂತ್ರ ನಡೆಯಿತು.

ಈ ವರ್ಷ ಡಿಸೆಂಬರ್ ರಜೆಗೆ ಸಮುದ್ರ ನೋಡಲೇಬೇಕೆಂದು ಮಗಳು ಪ್ರಿಯದರ್ಶಿನಿ ಹಟ ಹಿಡಿದಳು. ಮಂಜುಳಾಳ ತಮ್ಮ ದುರುಗೇಶ, ಮಾನ್ವಿಯಲ್ಲಿ ಹೈಸ್ಕೂಲ್ ಮೇಷ್ಟ್ರು, ತನ್ನ ಸಂಸಾರವನ್ನೂ ಸೇರಿಸಿದ. ರಾಯಚೂರಿನ ಅಂಬರೇಶನ ಟೆಂಪೊ ಟ್ರಾವೆಲರ್ ಗೊತ್ತು ಮಾಡಿದರು. ಅಂಬರೇಶ ಒಂದೇ ಷರತ್ತು ಹಾಕಿದ: "ದಿನಾ ಒಂದು ಊರು, ದಿನಾ ಗಂಟುಮೂಟಿ ಕಟ್ಟೋದು ಬ್ಯಾಡ್ರಿ. ಒಂದೇ ಊರಾಗ ರೂಮ್ ಮಾಡ್ರಿ, ಅಲ್ಲಿಂದ ಎಲ್ಲಾ ಕಡಿ ತಿರುಗಿಸಿಕೊಂಡು ಬರ್ತೀನಿ. ಯಾವ ಊರು ಅಂತ ಬರೋ ಐತಾರದೊಳಗ ಹೇಳ್ರಿ."

ದುರುಗೇಶನ ಮಗುವಿನ ತೊಟ್ಟಿಲ ಕಾರ್ಯಕ್ಕೆ ಎಲ್ಲರೂ ಮಾನ್ವಿಯಲ್ಲಿ ಸೇರಿದಾಗ ಊಟ ಮುಗಿಸಿ ಜಮಖಾನದ ಮೇಲೆ ಆ ವಿಷಯ ತೆಗೆದರು. ದುರುಗೇಶ ಮೊಬೈಲಿನ ನಕಾಶೆ ಹಿಡಿದು ಪಾಠ ಶುರು ಮಾಡಿದ.

"ನೋಡ್ರಿ, ಕುಂದಾಪುರ ಬರೋಬ್ಬರಿ ನಡುವ ಅದ. ಈ ಕಡಿ ಉಡುಪಿ, ಆ ಕಡಿ ಮುರುಡೇಶ್ವರ, ಮ್ಯಾಲ ಕೊಲ್ಲೂರು. ಮರವಂತೆ ಅರ್ಧ ತಾಸು. ಮತ್ಯಾಕ ತಲಿ ಕೆಡಿಸಿಕೋಬೇಕು?"

"ಕುಂದಾಪುರ ಬ್ಯಾಡ" ಎಂದ ಹುಸೇನಪ್ಪ. ಎಷ್ಟು ಬೇಗ ಎಂದನೆಂದರೆ, ಮಾಲು ನೋಡುವ ಮೊದಲೇ ರೇಟು ಕೂಗಿದಂತಾಯಿತು.

"ಯಾಕ ಮಾವಾ?"

"ನೀರು ಉಪ್ಪು."

"ಸಮುದ್ರದ್ದು ಎಲ್ಲಾ ಕಡಿ ಉಪ್ಪೇ ಅಲ್ಲೇನು?"

ಎಲ್ಲರೂ ನಕ್ಕರು. ಹುಸೇನಪ್ಪ ಸೊಳ್ಳೆ ಅಂದ, ಊಟ ಹಿಡಿಸುವುದಿಲ್ಲ ಅಂದ, ಕಾರವಾರ ಚಲೋ ಅಂದ.

"ಕಾರವಾರ ಈ ತುದಿ, ಉಡುಪಿ ಆ ತುದಿ. ಬರೇ ಗಾಡ್ಯಾಗ ಕುಂದರಾಕ ರಜಾ ಹಾಕಬೇಕೇನು?" ಎಂದು ಮಂಜುಳಾ ಕೇಳಿದಳು. "ಆರು ವರ್ಷ ಇದ್ದು ಬಂದವರು ನೀವು. ಒಂದು ಊರಾದ್ರೂ ನೆಟ್ಟಗ ಹೇಳ್ರಿ."

ಬಾಗಿಲ ಬಳಿ ದುರುಗೇಶನ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ ತಿಮ್ಮವ್ವ ಆಗ ತನ್ನಷ್ಟಕ್ಕೆ ಅಂದಳು: "ಕುಂದಾಪುರ ಚಲೋ ಅದ. ಅಲ್ಲಿ ಹೊಳಿ ಬಂದು ಸಮುದ್ರ ಕೂಡತದ. ಕೋಡಿ ಅಂತ ದಂಡಿ ಅದ, ಅಲ್ಲಿ ಸಂಜಿಮುಂದ ನಿಂತ್ರ ದೋಣಿ ಒಂದರ ಹಿಂದ ಒಂದು ಬರ್ತಾವ..."

ದುರುಗೇಶ ಕತ್ತೆತ್ತಿದ. "ನಿಮಗ ಹೆಂಗ ಗೊತ್ತು ಅತ್ತಿ?"

ಹುಸೇನಪ್ಪ ನಕ್ಕುಬಿಟ್ಟ. ಅದು ಅಂಗಡಿಯಲ್ಲಿ ಕಡಿಮೆ ದರ ಕೇಳಿದವನ ಮುಖಕ್ಕೆ ನಗುವ ನಗೆ. "ಯವ್ವಾ, ನೀ ಯಾವಾಗ ಹೋಗಿದ್ದಿ? ರಾಯಚೂರು ದಾಟಿದಾಕಿನೇ ಅಲ್ಲ, ಸಮುದ್ರದ ಕಥಿ ಹೇಳಾಕತ್ತಾಳ ನೋಡ್ರಿ!"

ಮತ್ತೆ ಎಲ್ಲರೂ ನಕ್ಕರು. ಈ ಸಲ ಪ್ರಿಯದರ್ಶಿನಿಯೂ ನಕ್ಕಳು. ತಿಮ್ಮವ್ವ ಮಗನನ್ನು ಒಂದು ಕ್ಷಣ ನೋಡಿದಳು. ಆಮೇಲೆ ಕೂಸಿನ ಕುಲಾವಿ ಸರಿ ಮಾಡುತ್ತ, "ಹೌದಪಾ, ಯಾರೋ ಅಂದಿದ್ದು ಕೇಳಿದ್ದೆ" ಎಂದಳು.

ಹದಿನಾರು ವರ್ಷದ ಹಿಂದೆ ಅವಳು ಹೂಂ ಅಂದಾಗ ಹುಸೇನಪ್ಪನಿಗೆ ಹಗುರಾಗಿತ್ತು. ಇವತ್ತು ಹಗುರಾಗಲಿಲ್ಲ. ತಾಯಿಯನ್ನು ಮುಚ್ಚಿಡುವುದು ಒಂದು, ಅವಳ ಮೊಮ್ಮಗಳ ಮುಂದೆ ಅವಳನ್ನು ನಗೆಪಾಟಲು ಮಾಡುವುದು ಇನ್ನೊಂದು. ಎರಡಕ್ಕೂ ಇರುವ ವ್ಯತ್ಯಾಸ ಅವನಿಗೆ ಆಡಿದ ಮೇಲೆ ತಿಳಿಯಿತು.

ದೇವದುರ್ಗಕ್ಕೆ ಮರಳಿದ ಮರುದಿನ ತಿಮ್ಮವ್ವ, "ನಾ ಬರಂಗಿಲ್ಲ, ನೀವು ಹೋಗಿ ಬರ್ರಿ. ನನಗ ಮೊಳಕಾಲು ನೋವು" ಎಂದಳು. ಅವಳು ಮೊಳಕಾಲು ನೋವಿನಲ್ಲೇ ಬೆಟ್ಟ ಹತ್ತಿ ಹರಕೆ ತೀರಿಸಿ ಬಂದು ಇನ್ನೂ ಒಂದು ತಿಂಗಳಾಗಿರಲಿಲ್ಲ. ಹುಸೇನಪ್ಪ ಹಿತ್ತಲಿಗೆ ಹೋದ. ಅವಳು ತೊಗರಿ ಕೇರುತ್ತಿದ್ದಳು.

"ಸಿಟ್ಟು ಬಂತೇನವ್ವಾ?"

"ಸಿಟ್ಟು ಯಾಕ? ಮೂರಂತಸ್ತಿನ ಸಾಲಿ ಕಟ್ಟಿದ್ವಲ್ಲ, ಅದಕ್ಕ ಬಣ್ಣ ಹಚ್ಚೋದರೊಳಗ ನಮ್ಮ ಕೆಲಸ ಮುಗೀತು, ಬಂದ್ವಿ. ಒಳಗ ಹುಡುಗ್ರು ಕುಂತಿದ್ದು ನೋಡಿಲ್ಲ. ಪ್ರಿಯಾಗ ತೋರಿಸಬೇಕಂತ ಮನಸಿನಾಗ ಇತ್ತು." ಮೊರ ಒಮ್ಮೆ ಜೋರಾಗಿ ಕೊಡವಿದಳು. "ಇರಲಿ. ರಾಯಚೂರು ದಾಟದಾಕಿ ಏನು ತೋರಿಸ್ತಾಳ?"

ಬಾಕಿ ಉಳಿಸಿಕೊಂಡ ಗಿರಾಕಿಗಳನ್ನು ಮಾತಲ್ಲೇ ಕೂರಿಸಿ ಏಳಿಸುವ ಹುಸೇನಪ್ಪ ಹಿತ್ತಲ ಬಾಗಿಲಿಂದಲೇ ಹೊರಟು ಅಂಗಡಿ ಸೇರಿಕೊಂಡ. ಆ ವಾರ ಎರಡು ಸಲ ಒಬ್ಬರ ಕಬ್ಬಿಣವನ್ನು ಇನ್ನೊಬ್ಬರ ಮನೆಗೆ ಇಳಿಸಿ ಬಂದ.

ಭಾನುವಾರ ರಾಯಚೂರಿನಲ್ಲಿ ಅಂಬರೇಶನ ಆಫೀಸು. ಆಫೀಸು ಎಂದರೆ ಪಂಕ್ಚರ್ ಅಂಗಡಿಯ ಪಕ್ಕ ಎರಡು ಬೆಂಚು. ಬಟ್ಟೆ ಕೊಳ್ಳಲು ಬಂದಿದ್ದ ಮಂಜುಳಾ, ಪ್ರಿಯದರ್ಶಿನಿ ಒಂದು ಬೆಂಚಿನ ಮೇಲೆ, ಮಾನ್ವಿಯಿಂದ ಬಂದ ದುರುಗೇಶ ಇನ್ನೊಂದರ ಮೇಲೆ. ಅಂಬರೇಶ ಪೆನ್ನು ತೆಗೆದ. "ಯಾವ ಊರು ಬರೀಲ್ರೀ?"

"ಕುಂದಾಪುರ" ಎಂದ ಹುಸೇನಪ್ಪ.

ದುರುಗೇಶನಿಗೆ ಹಬ್ಬ. "ಏನ್ ಮಾವಾ, ವಾರದಾಗ ನೀರು ಸಿಹಿ ಆತೇನು? ಸೊಳ್ಳಿ ಎಲ್ಲಾ ಕಾರವಾರಕ್ಕ ಹೋದುವೇನು?"

ಇಲ್ಲಿ ನಕ್ಕು ತೇಲಿಸಿಬಿಡಬಹುದಿತ್ತು. ಊರಿನ ಹೆಸರು ಬರೆಸಿಯಾಗಿತ್ತು. ಹುಸೇನಪ್ಪ ಬೆಂಚಿನ ಮೊಳೆ ನೋಡುತ್ತ ಹೇಳಿದ: "ನಾ ಅಲ್ಲಿ ಸೂಪರ್‌ವೈಸರ್ ಅಲ್ಲ. ಇಟ್ಟಿಗಿ ಹೊರಾಕ ಹೋಗಿದ್ದೆ. ಅವ್ವನೂ ಬಂದಿದ್ಲು. ಆಕಿ ಆರು ವರ್ಷ ಹೊತ್ತಾಳ, ಅಲ್ಲಿಯ ಮೂರಂತಸ್ತಿನ ಸಾಲಿಗೂ ಹೊತ್ತಾಳ. ಶೆಡ್ಡಿನಾಗ ಇದ್ವಿ."

ಅಂಬರೇಶ ಪೆನ್ನಿಗೆ ಮುಚ್ಚಳ ಹಾಕಿ, ಚಹಾ ಹೇಳಿ ಬರುತ್ತೇನೆಂದು ಎದ್ದು ಹೋದ. ದುರುಗೇಶ ಮೊಬೈಲ್ ಜೇಬಿಗಿಟ್ಟ. "ಅದರಾಗ ಏನದ ಮಾವಾ? ನಮ್ಮ ಕಡಿ ಅರ್ಧ ಜನ ಹೋಗ್ತಾರ" ಎಂದ. ಹುಸೇನಪ್ಪ ಇಂಥ ಹಗುರ ಮಾತನ್ನು ನಿರೀಕ್ಷಿಸಿರಲಿಲ್ಲ. ಇಷ್ಟಕ್ಕೇ ಹದಿನಾರು ವರ್ಷ ಹೆದರಿದೆನಲ್ಲ ಎಂಬುದೇ ಈಗ ಮೈಗೆ ಮುಳ್ಳಾಯಿತು.

ಮಂಜುಳಾ ಬಟ್ಟೆಯ ಚೀಲ ಕೆಳಗಿಟ್ಟಳು. "ಇಟ್ಟಿಗಿ ಹೊತ್ತಿದ್ದು ಇರಲಿ. ಹೊಟ್ಟಿಗೆ ಯಾರು ದುಡಿಯಂಗಿಲ್ಲ? ಹದಿನಾರು ವರ್ಷ ಅತ್ತಿ ನನ್ನ ಜೋಡಿ ಒಂದೇ ಒಲಿ ಮುಂದ ಕುಂತಾರ. ಎಂದಾದ್ರೂ ಆರು ವರ್ಷದ ಸುದ್ದಿ ಬಾಯಿಗೆ ಬಂದಿರಬೇಕಲ್ಲ, ನುಂಗ್ಯಾರಲ್ಲ, ಯಾರ ಸಲುವಾಗಿ? ಮೊನ್ನಿ ಮಾನ್ವಿಯಾಗ ನಾನೂ ನಕ್ಕೆ. ನನ್ನ ಕೈಲೆ ಯಾಕ ನಗಸಿದ್ರಿ?"

ದೇವದುರ್ಗದ ಬಸ್ಸಿನಲ್ಲಿ ಅಪ್ಪನ ಪಕ್ಕ ಜಾಗವಿದ್ದರೂ ಪ್ರಿಯದರ್ಶಿನಿ ಹಿಂದಿನ ಸೀಟಿನಲ್ಲಿ ಕೂತಳು.

ಮನೆಗೆ ಬಂದಾಗ ತಿಮ್ಮವ್ವ ಜಗಲಿಯ ಮೇಲಿದ್ದಳು. ಹುಸೇನಪ್ಪ ಚಪ್ಪಲಿ ಬಿಡುವ ಮೊದಲೇ, "ಯವ್ವಾ, ಕುಂದಾಪುರಾನೇ ಬರಿಸಿ ಬಂದೆ. ಎಲ್ಲಾ ಹೇಳಿಬಿಟ್ಟೆ" ಎಂದ. ಮೆಚ್ಚುಗೆ ನಿರೀಕ್ಷಿಸಿದ್ದ ಎಂಬುದು ಅವನ ಮುಖದಲ್ಲಿ ಕಾಣುತ್ತಿತ್ತು.

"ಯಾರ ಮುಂದ?"

"ಎಲ್ಲರ ಮುಂದ."

"ನನ್ನ ಕೇಳಿದ್ಯಾ?"

ಅವನು ಬಾಗಿ ಒಂದು ಚಪ್ಪಲಿ ಬಿಟ್ಟ.

"ಮುಚ್ಚಿಡುವಾಗ ಕೇಳಲಿಲ್ಲ. ಹೇಳುವಾಗಲೂ ಕೇಳಲಿಲ್ಲ. ಹೊತ್ತಿದ್ದು ನನ್ನ ತಲಿ. ನಾಕು ಮಂದಿ ಮುಂದ ಅದರ ಸುದ್ದಿ ಹೇಳೋದು ನನಗೂ ಬರ್ತಿತ್ತು, ಯಪ್ಪಾ."

ಮಂಜುಳಾ ಅತ್ತೆಯ ಕೈ ಮುಟ್ಟಿ ಒಳಗೆ ಹೋದಳು. ಪ್ರಿಯದರ್ಶಿನಿ ಮೊಬೈಲ್ ಹಿಡಿದು ಅಜ್ಜಿಯ ಪಕ್ಕ ಮಂಡಿಯೂರಿದಳು. "ಅಜ್ಜೀ, ಕುಂದಾಪುರ ತೆಗೆದೀನಿ. ಸಾಲಿ ಎಲ್ಲಿ ಅದ ತೋರಿಸು."

"ಇದರಾಗ ನನಗೇನು ತಿಳೀತದ ಬೇ. ಸಮುದ್ರ ಯಾವ ಕಡಿ ಅದ ಹೇಳು."

"ಇಲ್ಲಿ, ನೀಲಿ."

"ಹಂಗಾದ್ರ ನಮ್ಮ ಶೆಡ್ಡು ಇತ್ತಾಗ. ಮುಂಜಾನಿ ಬಿಸಿಲು ಬೆನ್ನಿಗೆ ಬೀಳ್ತಿತ್ತು." ಬೆರಳು ಗಾಜಿನ ಮೇಲೆ ತಡವರಿಸಿತು, ನಕಾಶೆ ಸರಿದು ಸಮುದ್ರಕ್ಕೆ ಹೋಯಿತು. ಇಬ್ಬರೂ ನಕ್ಕರು. ಹುಸೇನಪ್ಪ ಒಂದು ಚಪ್ಪಲಿ ಬಿಟ್ಟು, ಇನ್ನೊಂದು ಹಾಕಿಕೊಂಡೇ ಮೆಟ್ಟಿಲ ಬಳಿ ನಿಂತಿದ್ದ. ಶಾಲೆ ಯಾವ ರಸ್ತೆಯಲ್ಲಿದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಯಾರೂ ಅವನನ್ನು ಕೇಳಲಿಲ್ಲ.

"ಅಪ್ಪನೂ ಇಟ್ಟಿಗಿ ಹೊರತಿದ್ನೇನು ಅಜ್ಜೀ?"

ತಿಮ್ಮವ್ವ ಮಗನತ್ತ ನೋಡಲಿಲ್ಲ. "ಹೊರತಿದ್ದ. ನನ್ನಕಿಂತ ಜಾಸ್ತಿ ಹೊರತಿದ್ದ. ನಾ ದಣಿದ್ರ ನಂದೂ ಹೊರತಿದ್ದ."

ನೆರಳು, ಹಾಜರಿ ಪುಸ್ತಕ, ತಾನು ಕೂಗಿದ ಹೆಸರು, ಅದಕ್ಕೆ ಏಣಿಯ ಮೇಲಿಂದ ಬರುತ್ತಿದ್ದ "ಇದ್ದೀನಪಾ" ಎಂಬ ಉತ್ತರ, ಎಲ್ಲ ಹುಸೇನಪ್ಪನಿಗೆ ಒಟ್ಟಿಗೆ ನೆನಪಾದವು.

"ಇಲ್ಲ ಪ್ರಿಯಾ, ನಾ ಒಂದೇ ವರ್ಷ..." ಎಂದು ಅವನು ಶುರು ಮಾಡಿದ.

"ನೀ ಸುಮ್ಕಿರು" ಎಂದಳು ತಿಮ್ಮವ್ವ. "ಹುಡುಗಿ ಕೇಳಾಕತ್ತಿದ್ದು ನನ್ನ."

ಹುಸೇನಪ್ಪ ಇನ್ನೊಂದು ಚಪ್ಪಲಿ ಬಿಟ್ಟ. ಅವಳು ಮೊಮ್ಮಗಳಿಗೆ ಶಾಲೆಯ ಎರಡನೇ ಅಂತಸ್ತು ಕಟ್ಟಿದ ಕಥೆ ಶುರು ಮಾಡಿದಳು. ಅದರಲ್ಲೂ ಅವನು ಬಹಳ ಒಳ್ಳೆಯ ಹುಡುಗನಾಗಿದ್ದ.