ಎಣ್ಣೆ ಆವಲಪ್ಪನ ರುಜು

ಆವಲಪ್ಪನಿಗೆ ರುಜು ಹಾಕುವುದನ್ನು ಕಲಿಸಿದವನು ನಾನು. ಮೂವತ್ತಾರು ವರ್ಷದ ಗಂಡಸು ಸ್ಲೇಟು ಬಳಪ ಹಿಡಿದು ನೆಲದ ಮೇಲೆ ಕೂತರೆ ನೋಡಿದವರಿಗೆ ನಗು ಬರುತ್ತದೆ. ನನಗೂ ಬಂದಿತ್ತು. ‘ಆ’ ಬರೆಯಲು ಒಂದು ವಾರ, ‘ವ’ ಬರೆಯಲು ನಾಲ್ಕು ದಿನ, ಕೊನೆಯ ‘ಪ್ಪ’ಗೆ ಪೂರಾ ಹದಿನೈದು ದಿನ ತೆಗೆದುಕೊಂಡ. ಕಲಿತ ಮೇಲೆ ಮಾತ್ರ ಅವನನ್ನು ಹಿಡಿಯುವವರಿರಲಿಲ್ಲ. ಬೀಡಿ ಕಟ್ಟಿನ ಕಾಗದ, ಶೆಡ್ಡಿನ ಗೋಡೆ, ಹೆಂಡತಿ ಬೈರಮ್ಮನ ರಾಗಿ ಡಬ್ಬ, ಎಲ್ಲೆಂದರಲ್ಲಿ ಅವನ ಹೆಸರು ದಪ್ಪದಪ್ಪಗೆ ಬಿದ್ದಿರುತ್ತಿತ್ತು.

ಅದು ೧೯೬೫ರ ಮಾತು. ದೊಡ್ಡಬಳ್ಳಾಪುರದಲ್ಲಿ ನಾನು ನೇಯುತ್ತಿದ್ದ ಶೆಡ್ಡಿನಲ್ಲಿ ನಲವತ್ತು ಮಗ್ಗ, ನಲವತ್ತಕ್ಕೂ ಸೇರಿ ಒಂದೇ ಮೋಟಾರು. ಮೋಟಾರಿನ ದೊಡ್ಡ ಚಕ್ರದಿಂದ ಒಂದು ಚರ್ಮದ ಬೆಲ್ಟು ಮೇಲಕ್ಕೆ ಹೋಗಿ, ಸೂರಿನಡಿ ಉದ್ದಕ್ಕೂ ಹಾಕಿದ್ದ ಕಬ್ಬಿಣದ ದಂಡವನ್ನು ತಿರುಗಿಸುತ್ತಿತ್ತು. ದಂಡದಿಂದ ಒಂದೊಂದು ಮಗ್ಗಕ್ಕೆ ಒಂದೊಂದು ಬೆಲ್ಟು. ಇವಕ್ಕೆಲ್ಲ ಎಣ್ಣೆ ಬಿಡುವುದು, ಕಿತ್ತ ಬೆಲ್ಟು ಹೊಲಿಯುವುದು ಆವಲಪ್ಪನ ಕೆಲಸ. ಮಾಕಳಿದುರ್ಗದ ಕಡೆಯವನು, ಬೆಳಗಿನ ರೈಲಿಗೆ ಬರುತ್ತಿದ್ದ. ಅವನ ಎಡಗೈಯಲ್ಲಿ ಎರಡು ಬೆರಳಿನ ತುದಿ ಇರಲಿಲ್ಲ. ಹಿಂದೆ ಇನ್ನೊಂದು ಶೆಡ್ಡಿನಲ್ಲಿ ಬೆಲ್ಟಿಗೆ ಕೊಟ್ಟು ಬಂದಿದ್ದ. ಆದ್ದರಿಂದಲೋ ಏನೋ, ಮೋಟಾರಿನ ಹತ್ತಿರ ಯಾರಾದರೂ ಸುಮ್ಮನೆ ನಿಂತರೂ ಎಣ್ಣೆ ಕುಪ್ಪಿ ಎತ್ತಿಕೊಂಡು ಹೊಡೆಯಲು ಬರುವವನಂತೆ ಬರುತ್ತಿದ್ದ.

ನಾನು ಮಗ್ಗದ ಕೆಲಸಗಾರರ ಸಂಘದ ಸೆಕ್ರೆಟರಿ. ಸಂಘದ ಕೋಣೆಯಲ್ಲಿ ಸಂಜೆ ಒಂದು ಗಂಟೆ ಅಕ್ಷರ ಹೇಳಿಕೊಡುತ್ತಿದ್ದೆ. ಬರುತ್ತಿದ್ದವರು ಏಳೆಂಟು ಜನ. ಅವರಲ್ಲಿ ಚುರುಕು ಅಂದರೆ ಮುನಿವೆಂಕಟಮ್ಮ. ಗಂಡ ತೀರಿಕೊಂಡಿದ್ದ. ಅತ್ತೆಯನ್ನೂ ಎರಡು ಹೆಣ್ಣುಮಕ್ಕಳನ್ನೂ ಸಾಕಲು ನಮ್ಮ ಶೆಡ್ಡಿನಲ್ಲೇ ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಎರಡು ತಿಂಗಳಲ್ಲಿ ಕಾಗದ ಓದುವ ಮಟ್ಟಕ್ಕೆ ಬಂದಳು. ಆವಲಪ್ಪನನ್ನು ಅಣ್ಣಾ ಅಂತ ಕರೆದೇ ಕಾಲೆಳೆಯುತ್ತಿದ್ದಳು. “ಅಣ್ಣಾ, ನಿನ್ನ ಪ್ಪ ನೋಡು, ಹೊಟ್ಟೆ ಬಿಟ್ಕೊಂಡು ಕೂತೈತೆ.” ಅವನು ಸಿಟ್ಟು ಮಾಡಿಕೊಂಡು ಅಳಿಸಿ ಮತ್ತೆ ಬರೆದರೆ ಹೊಟ್ಟೆ ಇನ್ನೂ ದೊಡ್ಡದಾಗುತ್ತಿತ್ತು.

ಮರುವರ್ಷ ಶೆಡ್ಡಿನ ಸಾಹುಕಾರರಿಗೂ ಸಂಘಕ್ಕೂ ಒಪ್ಪಂದವಾಯಿತು. ಮೋಟಾರಿನ ಚಕ್ರಕ್ಕೂ ಬೆಲ್ಟುಗಳಿಗೂ ಕಬ್ಬಿಣದ ಜಾಲರಿ ಹಾಕಿಸಬೇಕು, ಗಾಯಕ್ಕೆ ಔಷಧಿ ಪೆಟ್ಟಿಗೆ ಇಡಬೇಕು, ವಾರಕ್ಕೊಮ್ಮೆ ಕೆಲಸಗಾರರ ಕಡೆಯಿಂದ ಒಬ್ಬ ಜಾಲರಿಗಳನ್ನೆಲ್ಲ ನೋಡಿ ರಿಜಿಸ್ಟರಿನಲ್ಲಿ ರುಜು ಹಾಕಬೇಕು. ಇಷ್ಟನ್ನು ಒಪ್ಪಿಸಲು ಮೂರು ತಿಂಗಳು ಹಿಡಿಯಿತು. ಕೊನೆಯ ದಿನ ಸಾಹುಕಾರರು ಒಂದೇ ಒಂದು ಮಾತು ಕೇಳಿದರು. ಹಾಕಿಸಿದ ಜಾಲರಿಯನ್ನು ಯಾರು ತೆಗೆದರೂ ಅದರಿಂದಾಗುವ ಅಪಾಯಕ್ಕೆ ಅವರೇ ಹೊಣೆ, ಅಂಥವರನ್ನು ವಿಚಾರಣೆಯಿಲ್ಲದೆ ಕೆಲಸದಿಂದ ತೆಗೆಯಬಹುದು. ನಾನು ಯೋಚನೆಯನ್ನೇ ಮಾಡಲಿಲ್ಲ. ಜೀವ ಕಾಯುವ ಜಾಲರಿಯನ್ನು ಯಾವ ಮೂರ್ಖ ತೆಗೆಯುತ್ತಾನೆ? ಹದಿನಾಲ್ಕನೇ ಕಲಮು ಅಂತ ನಾನೇ ನನ್ನ ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟೆ. ಆ ಕೋಣೆಯಲ್ಲಿ ಹನ್ನೊಂದು ಜನ ಇದ್ದೆವು. ಆಯುಧಪೂಜೆ ಒಬ್ಬರ ತಲೆಗೂ ಬರಲಿಲ್ಲ.

ರಿಜಿಸ್ಟರಿಗೆ ರುಜು ಹಾಕಲು ಎಲ್ಲರೂ ಒಂದೇ ಬಾಯಲ್ಲಿ ಹೇಳಿದ್ದು ಆವಲಪ್ಪನ ಹೆಸರನ್ನು. ಪ್ರತಿ ಮಂಗಳವಾರ ಬೆಳಗ್ಗೆ ಒಂದೊಂದು ಜಾಲರಿಯನ್ನೂ ಅಲ್ಲಾಡಿಸಿ ನೋಡಿ, ಕೈ ತೊಳೆದು, ಪಂಚೆಗೆ ಒರೆಸಿಕೊಂಡು, ಮ್ಯಾನೇಜರ ಮೇಜಿನ ಮುಂದೆ ಬಗ್ಗಿ ಬರೆಯುತ್ತಿದ್ದ. “ಜಾಲರಿಗಳೆಲ್ಲ ಸರಿಯಾಗಿವೆ” ಅಂತ ಮ್ಯಾನೇಜರು ಬರೆದಿರುತ್ತಿದ್ದರು, ಅದರ ಕೆಳಗೆ ಇವನದು. ಅವನ ಬದುಕಿನಲ್ಲಿ ಯಾರೂ ಅವನಿಗೆ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಮೂರು ವರ್ಷ ಆ ಶೆಡ್ಡಿನಲ್ಲಿ ಒಂದು ಬೆರಳೂ ಹೋಗಲಿಲ್ಲ.

ಈಗ ಆಯುಧಪೂಜೆಯ ಸಂಗತಿ ಹೇಳಬೇಕು. ನಮ್ಮ ಕಡೆ ಮಗ್ಗದವರಿಗೆ ಅದಕ್ಕಿಂತ ದೊಡ್ಡ ಹಬ್ಬ ಇಲ್ಲ. ಜಾಲರಿಗಳನ್ನೆಲ್ಲ ಬಿಚ್ಚಿ, ಚಕ್ರ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆಯುತ್ತಿದ್ದೆವು. ಮೋಟಾರಿನ ಹಾರವನ್ನು ಹಬ್ಬ ಕಳೆದು ಬರುವ ಶುಕ್ರವಾರದವರೆಗೆ ಯಾರೂ ಮುಟ್ಟಬಾರದು ಅನ್ನುವುದು ನಮ್ಮ ಶೆಡ್ಡಿನ ಕಟ್ಟಳೆ. ಮೋಟಾರಿನ ಮೈ ತುಂಬ ಹಾರ ಇದ್ದರೆ ಅದರ ಮೇಲೆ ಜಾಲರಿ ಕೂರುವುದಿಲ್ಲ. ಶುಕ್ರವಾರದವರೆಗೆ ಮಗ್ಗಗಳೂ ನಿಂತಿರುತ್ತಿದ್ದವು, ಆದ್ದರಿಂದ ತೊಂದರೆ ಇರಲಿಲ್ಲ.

೧೯೬೯ರಲ್ಲಿ ಮದುವೆ ಸೀರೆಗಳ ದೊಡ್ಡ ಆರ್ಡರು ಬಂದಿತ್ತು. ವಿಜಯದಶಮಿ ಸೋಮವಾರ, ಮಂಗಳವಾರವೇ ಮಗ್ಗ ಓಡಬೇಕು ಅಂತ ಸಾಹುಕಾರರ ಅಪ್ಪಣೆಯಾಯಿತು. ಪೂಜೆಯ ಹಿಂದಿನ ಶನಿವಾರ ಮ್ಯಾನೇಜರು ಆವಲಪ್ಪನನ್ನು ಕರೆದರು. “ಮಂಗಳವಾರ ನಾನು ಬೆಂಗಳೂರಲ್ಲಿರ್ತೀನಪ್ಪ, ಆವತ್ತಿನ ರುಜು ಈಗಲೇ ಹಾಕ್ಬಿಡು.” ಆವಾಗ ಜಾಲರಿಗಳೆಲ್ಲ ಜಾಗದಲ್ಲೇ ಇದ್ದವು. ಆವಲಪ್ಪ ಕೈ ತೊಳೆದು ಬಂದು ಮಂಗಳವಾರದ ತಾರೀಖಿನ ಕೆಳಗೆ ರುಜು ಹಾಕಿದ. ಭಾನುವಾರ ತನ್ನ ಕೈಯಾರೆ ಜಾಲರಿಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದ.

ಮಂಗಳವಾರ ಬೆಳಗ್ಗೆ ಸಣ್ಣ ಜಾಲರಿಗಳನ್ನೆಲ್ಲ ಮತ್ತೆ ಹಾಕಿದ. ಮೋಟಾರಿನದು ಮಾತ್ರ ಹಾಕಲಿಲ್ಲ. ನಾನು ನೋಡಿ ಕೇಳಿದೆ.

“ಅದೊಂದ್ಯಾಕೋ ಬಿಟ್ಟೆ?”

“ಹೂವ ಐತಲ್ಲಣ್ಣ. ಶುಕ್ರವಾರ ಹಾಕ್ತೀನಿ. ಅಲ್ಲೀಗಂಟ ತಾಯಿ ಕಾಯ್ತಾಳೆ ಬಿಡು.”

ನಾನು ಬಿಟ್ಟೆ. ಬಿಟ್ಟೆ ಅನ್ನುವುದನ್ನು ಇಲ್ಲಿಯವರೆಗೆ ಯಾರ ಮುಂದೆಯೂ ಇಷ್ಟು ಸ್ಪಷ್ಟವಾಗಿ ಹೇಳಿಕೊಂಡಿರಲಿಲ್ಲ. ಮೂರು ತಿಂಗಳು ಹೋರಾಡಿ ಆ ಜಾಲರಿ ತಂದವನು ನಾನೇ, ಹೂವಿನ ಮುಂದೆ ಬಾಯಿ ಮುಚ್ಚಿಕೊಂಡವನೂ ನಾನೇ.

ಬುಧವಾರ ಹತ್ತೂವರೆಯ ಹೊತ್ತಿಗೆ ಮುನಿವೆಂಕಟಮ್ಮನ ಬುಟ್ಟಿಯಿಂದ ಒಂದು ಕಂಡಿಕೆ ಉರುಳಿ ಮೋಟಾರಿನ ಪಕ್ಕಕ್ಕೆ ಹೋಯಿತು. ಬಗ್ಗಿದಳು. ಸೆರಗು ಬೆಲ್ಟಿಗೆ ಸಿಕ್ಕಿತು. ಬಿಡಿಸಿಕೊಳ್ಳಲು ಬಲಗೈ ಚಾಚಿದಳು. ಸೂರಿನ ದಂಡಕ್ಕೆ ಎಣ್ಣೆ ಬಿಡಲು ಏಣಿಯ ಮೇಲಿದ್ದ ಆವಲಪ್ಪ ಅಲ್ಲಿಂದಲೇ ಕೆಳಕ್ಕೆ ಧುಮುಕಿ ಸ್ವಿಚ್ಚು ಎಳೆದ. ಮೋಟಾರು ನಿಲ್ಲುವಷ್ಟರಲ್ಲಿ ಎಲ್ಲ ಮುಗಿದಿತ್ತು. ತನ್ನ ಟವೆಲ್ಲಿನಲ್ಲಿ ಅವಳ ತೋಳು ಕಟ್ಟಿ, ಎತ್ತಿಕೊಂಡು ರಸ್ತೆಗೆ ಓಡಿದ. ಬೆಂಗಳೂರಿನ ಆಸ್ಪತ್ರೆಯಲ್ಲಿ ಮೊಣಕೈಯ ಮೇಲಕ್ಕೆ ಕತ್ತರಿಸಿದರು. ನಾನು ಶೆಡ್ಡಿಗೆ ವಾಪಸು ಬಂದಾಗ ಯಾರೋ ಹಾರವನ್ನು ಕಿತ್ತು ಜಾಲರಿಯನ್ನು ಕೂರಿಸಿಬಿಟ್ಟಿದ್ದರು.

ಪರಿಹಾರಕ್ಕೆ ಅರ್ಜಿ ಹಾಕಿದೆವು. ಆ ಹಣ ಬಂದರೆ ಅವಳ ಮನೆಯ ನಾಲ್ಕು ಹೊಟ್ಟೆ ಉಳಿಯುತ್ತವೆ, ಬರದಿದ್ದರೆ ಇಲ್ಲ. ಅಷ್ಟೇ ಲೆಕ್ಕ. ಶೆಡ್ಡಿನ ಕಡೆಯಿಂದ ಬಂದ ಉತ್ತರ ಹೀಗಿತ್ತು. ಜಾಲರಿ ಇತ್ತು, ಕಂಡಿಕೆ ಎತ್ತಿಕೊಳ್ಳಲು ಆಕೆಯೇ ಬೇಕೆಂದು ತೆಗೆದಳು, ಆದ್ದರಿಂದ ಪರಿಹಾರ ಸಲ್ಲುವುದಿಲ್ಲ. ಸಾಕ್ಷಿಗೆ ರಿಜಿಸ್ಟರು. ಅದರಲ್ಲಿ ಮಂಗಳವಾರದ ತಾರೀಖು, ಕೆಳಗೆ ಹೊಟ್ಟೆ ಬಿಟ್ಟ ಆ ‘ಪ್ಪ’.

ನಲವತ್ತು ಮಗ್ಗದವರಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ. ಸಾಹುಕಾರರ ಭಯ ಒಂದು ಕಡೆ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಮುನಿರಾಮಯ್ಯ ಅನ್ನುವ ಹಿರಿಯ ನೇಕಾರ ನನ್ನ ಮುಖಕ್ಕೇ ಹೇಳಿದ. “ಪೂಜೆ ಹೂವಿನಿಂದ ಕೈ ಹೋಯ್ತು ಅಂತ ಕೋರ್ಟಲ್ಲಿ ನಿಂತು ಹೇಳಾಕಾಯ್ತದಾ? ತಾಯಿ ಸುಮ್ಕಿರ್ತಾಳಾ?” ನಾನು ಅರ್ಜಿದಾರಳ ಪರ ವಾದಿಸುವವನು, ನನ್ನ ಮಾತು ಸಾಕ್ಷಿಯಲ್ಲ. ಉಳಿದವನು ರುಜು ಹಾಕಿದವನೊಬ್ಬನೇ.

ಮ್ಯಾನೇಜರು ಅವನಿಗೆ ಹೆಚ್ಚೇನೂ ಹೇಳಲಿಲ್ಲ. ನಿನ್ನ ರುಜು ನಿಜ ಅಂತ ಹೇಳು, ಕೆಲಸ ಇರುತ್ತೆ, ಬೈರಮ್ಮನಿಗೂ ಕಂಡಿಕೆ ಸುತ್ತುವ ಕೆಲಸ ಕೊಡ್ತೀವಿ. ಸುಳ್ಳು ಅಂತ ಹೇಳಿದರೆ ಹದಿನಾಲ್ಕನೇ ಕಲಮು ಇದ್ದೇ ಇದೆ, ನಿಮ್ಮ ಸೆಕ್ರೆಟರಿಯೇ ಬರೆದದ್ದು. ಅಂದರೆ ಮುನಿವೆಂಕಟಮ್ಮ ಕೂರುತ್ತಿದ್ದ ಜಾಗದಲ್ಲೇ ಬೈರಮ್ಮನನ್ನು ಕೂರಿಸುವ ಮಾತು.

ಆವಲಪ್ಪ ನನ್ನ ಮನೆಗೆ ಬಂದು ಜಗಲಿಯ ಮೇಲೆ ಕೂತ. ಗಡ್ಡ ಬಿಟ್ಟಿದ್ದ. ಕಾಫಿ ಕೊಟ್ಟರೆ ಲೋಟ ಹಾಗೇ ಹಿಡಿದುಕೊಂಡಿದ್ದ.

“ಅಣ್ಣಾ, ನಾನೇ ಅಲ್ವಾ ಅವಳ ಕೈ ಕಡಿದಿದ್ದು?”

“ನೀನೊಬ್ಬನೇ ಅಲ್ಲ ಕಣೋ.”

“ಮನೇಲಿ ಮೂರು ಹುಡುಗೀರವ್ರೆ. ಕೆಲ್ಸ ಹೋದ್ರೆ ಯಾರು ಇಟ್ಕೋತಾರೆ ನನ್ನ? ಸುಳ್ಳು ರುಜು ಹಾಕ್ದೋನು ಅಂತಾರೆ.” ಲೋಟ ಕೆಳಗಿಟ್ಟು ಕೇಳಿದ, “ನೀನೇನಂತೀಯ?”

“ನಿಜ ಹೇಳು. ನಿನ್ನ ಹಿಂದೆ ಸಂಘ ಐತೆ. ನಿನ್ನ ಕೆಲಸಕ್ಕೆ ಕೈ ಹಾಕಿದ್ರೆ ನಲವತ್ತು ಮಗ್ಗಾನೂ ನಿಲ್ಲಿಸ್ತೀನಿ.”

ನಿಲ್ಲಿಸುವ ಶಕ್ತಿ ನನಗಿಲ್ಲ ಅಂತ ಆ ಮಾತು ಬಾಯಿಂದ ಬೀಳುವಾಗಲೇ ಗೊತ್ತಿತ್ತು. ಅವನು ನಂಬಿದ. ಅಕ್ಷರ ಕಲಿಸಿದವನ ಮಾತನ್ನು ಅವನು ಯಾವತ್ತೂ ಅನುಮಾನಿಸಿದವನಲ್ಲ.

ಬೆಂಗಳೂರಿನಲ್ಲಿ ಪರಿಹಾರದ ಅಧಿಕಾರಿಯ ಮುಂದೆ ಆವಲಪ್ಪ ಕೈಮುಗಿದು ನಿಂತು ಎಲ್ಲವನ್ನೂ ಹೇಳಿದ. ಶನಿವಾರ ಹಾಕಿದ ರುಜು, ಭಾನುವಾರ ಬಿಚ್ಚಿದ ಜಾಲರಿ, ಶುಕ್ರವಾರದ ಹೂವು. ಶೆಡ್ಡಿನ ವಕೀಲರು ರಿಜಿಸ್ಟರನ್ನು ಅವನ ಮೂಗಿನ ಹತ್ತಿರ ಹಿಡಿದು, ಇದು ನಿನ್ನ ರುಜು ಹೌದೋ ಅಲ್ಲವೋ ಅಂದರು. “ನಂದೇ ಸಾಮಿ. ಸುಳ್ಳು ರುಜು,” ಅಂದ. ಅಧಿಕಾರಿ ಪೆನ್ನು ಕೆಳಗಿಟ್ಟು ಅವನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಬರೆದುಕೊಂಡರು.

ಮುನಿವೆಂಕಟಮ್ಮ ಗೆದ್ದಳು. ಆದೇಶ ಬಂದ ಮೂರನೇ ದಿನ ಆವಲಪ್ಪನನ್ನು ಕೆಲಸದಿಂದ ತೆಗೆದರು. ನಾನು ಮ್ಯಾನೇಜರ ಕೋಣೆಗೆ ನುಗ್ಗಿ ಮೇಜು ಕುಟ್ಟಿ ಕೂಗಾಡಿದೆ. ಅವರು ಒಪ್ಪಂದದ ಕಾಗದ ತೆಗೆದು ನನ್ನ ಕಡೆಗೆ ತಿರುಗಿಸಿ ಇಟ್ಟರು. “ನಿಮ್ಮ ಅಕ್ಷರ ಬಲು ಚೆನ್ನಾಗಿದೆ,” ಅಂದರು. ಸಂಘದ ಸಭೆ ಕರೆದೆ. ಮಗ್ಗ ನಿಲ್ಲಿಸೋಣ ಅಂದರೆ ಎತ್ತಿದ ಕೈ ನನ್ನದೊಂದೇ. ಅವಳ ಕೈ ತೆಗೆದೋನೂ ಅವ್ನೇ, ದೇವಿ ಮೇಲೆ ದೂರು ಹೇಳ್ದೋನೂ ಅವ್ನೇ, ಅವನಿಗೋಸ್ಕರ ನಮ್ಮ ಕೂಲಿ ಯಾಕೆ ಕಳ್ಕೋಬೇಕು, ಅಂತ ಎದ್ದು ಹೋದರು. ಆವಲಪ್ಪ ಬಾಗಿಲ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದ. ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ನನಗೆ ಒಂದಿಷ್ಟು ನಿದ್ದೆಯಾದರೂ ಬರುತ್ತಿತ್ತು.

ಊರಿನ ಬೇರೆ ಯಾವ ಶೆಡ್ಡೂ ಅವನನ್ನು ಸೇರಿಸಿಕೊಳ್ಳಲಿಲ್ಲ. ಮಾಕಳಿದುರ್ಗದ ಕಡೆ ರಸ್ತೆಗೆ ಜಲ್ಲಿ ಒಡೆಯಲು ಹೋದ. ಬೈರಮ್ಮನೂ ಹಿರಿಯ ಮಗಳೂ ಜೊತೆಗೆ ಹೋದರು. ಒಂದು ಸಲ ನಾನು ಹುಡುಕಿಕೊಂಡು ಹೋದಾಗ ಬೈರಮ್ಮ ಸುತ್ತಿಗೆ ಕೆಳಗಿಡದೆಯೇ ಅಂದಳು, “ನಿಮ್ಮ ಸ್ಲೇಟು ಮನೇಲಿ ಐತೆ, ತಗೊಂಡೋಗಿ.”

ಪರಿಹಾರದ ಹಣ ಕೈಗೆ ಬರಲು ೧೯೭೧ ಆಯಿತು. ಕಚೇರಿಯಲ್ಲಿ ಅದನ್ನು ತೆಗೆದುಕೊಳ್ಳುವಾಗ ಗುರುತಿನವರೊಬ್ಬರು ಸಾಕ್ಷಿ ಹಾಕಬೇಕಿತ್ತು. ನಾನಿದ್ದೆ. ಆದರೆ ಮುನಿವೆಂಕಟಮ್ಮ ಆವಲಪ್ಪನೇ ಬರಲಿ ಅಂತ ಹಟ ಹಿಡಿದು ಹೇಳಿಕಳಿಸಿದ್ದಳು. ಅಪಘಾತವಾದ ಮೇಲೆ ಇಬ್ಬರೂ ಒಂದು ಮಾತೂ ಆಡಿರಲಿಲ್ಲ. ಅವನು ಕಲ್ಲುಪುಡಿ ಮೆತ್ತಿದ ಅಂಗಿಯಲ್ಲೇ ಬಂದು ಕಚೇರಿಯ ಗೋಡೆ ಹಿಡಿದು ನಿಂತ.

ಗುಮಾಸ್ತ ಕಾಗದವನ್ನು ಮುನಿವೆಂಕಟಮ್ಮನ ಮುಂದೆ ಸರಿಸಿದ. ಅವಳು ಅಭ್ಯಾಸಬಲದಿಂದ ಬಲಭುಜವನ್ನು ಮುಂದಕ್ಕೆ ತಂದಳು. ರವಿಕೆಯ ಖಾಲಿ ತೋಳು ಮೇಜಿನ ಮೇಲೆ ಬಿತ್ತು. ಆಮೇಲೆ ಎಡಗೈಯ ಹೆಬ್ಬೆಟ್ಟನ್ನು ಮಸಿಗೆ ಅದ್ದಿ ಒತ್ತಿದಳು. ಎರಡೇ ತಿಂಗಳಲ್ಲಿ ಕಾಗದ ಓದಲು ಕಲಿತವಳು.

ಗುಮಾಸ್ತ ಪೆನ್ನನ್ನು ಆವಲಪ್ಪನ ಕಡೆ ಚಾಚಿದ. ಅವನು ಪೆನ್ನು ತೆಗೆದುಕೊಳ್ಳಲಿಲ್ಲ. ಮಸಿಯ ಡಬ್ಬಿಯ ಕಡೆಗೆ ಕೈ ಚಾಚಿದ.

“ಬರಿ ಅಣ್ಣಾ,” ಅಂದಳು ಮುನಿವೆಂಕಟಮ್ಮ. “ನಿಂಗೆ ಕೈ ಐತಲ್ಲ, ಬರಿ. ಅದಕ್ಕೇ ಕರೆಸಿದ್ದು ನಿನ್ನ.”

ಆವಲಪ್ಪ ತಲೆಯೆತ್ತಲಿಲ್ಲ. “ಆಗಾಕಿಲ್ಲಮ್ಮ,” ಅಂದ. ಅವಳ ಹೆಬ್ಬೆಟ್ಟಿನ ಪಕ್ಕದಲ್ಲಿ ತನ್ನ ಹೆಬ್ಬೆಟ್ಟನ್ನು ಒತ್ತಿ, ಬೆರಳನ್ನು ಪಂಚೆಗೆ ಒರೆಸಿಕೊಂಡ.

ಗುಮಾಸ್ತ ಆ ಗುರುತಿನ ಸುತ್ತ ಗೀಟು ಹಾಕಿ, ಆವಲಪ್ಪ, ಓದು ಬರಹ ಬಾರದವನು, ಅಂತ ಬರೆದುಕೊಂಡ. ಬರೆದದ್ದನ್ನು ಗಟ್ಟಿಯಾಗಿ ಓದಿ, ಸರಿಯಾ ಅಂತ ಕೇಳಿದ. ಆವಲಪ್ಪ ಹೂಂ ಅಂದ. ಮುನಿವೆಂಕಟಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನೂ ಹೂಂ ಅಂದೆ.