ರಾಧಾಮಣಿ ವೈಫೈ ಕೊಂಡದ್ದು

ಸಾತನೂರಿನ ರಾಧಾಮಣಿ ಬಾಯಿಮಾತು ನಂಬುವ ಹೆಂಗಸಲ್ಲ. ಹೆಣ್ಣು ನೋಡಲು ಬಂದ ಮನೋಹರ್ ತನಗೆ ಟ್ರ್ಯಾಕ್ಟರ್ ಓಡಿಸಲು ಬರುತ್ತದೆ ಎಂದಾಗ, ಕಾಫಿ ಲೋಟ ಕೆಳಗಿಡಿಸಿ, ಹಿತ್ತಲಲ್ಲಿದ್ದ ಟ್ರ್ಯಾಕ್ಟರನ್ನು ಟ್ರೇಲರ್ ಸಮೇತ ರಿವರ್ಸ್ ಮಾಡಿಸಿ ನೋಡಿದ್ದಳು. ಆಮೇಲೆ ಒಪ್ಪಿದಳು.

ಈಗ ಇಬ್ಬರೂ ಸೇರಿ ಚಾಕಿ ಮನೆ ನಡೆಸುತ್ತಾರೆ. ರೇಷ್ಮೆ ಮೊಟ್ಟೆ ಒಡೆಸಿ, ಮರಿಹುಳುಗಳನ್ನು ಒಸಿ ಬಲಿಯುವವರೆಗೆ ಸಾಕಿ ರೈತರಿಗೆ ಕೊಡುವ ಕೆಲಸ. ಕೋಣೆಯಲ್ಲಿ ತೇವ ಇಳಿದರೆ ಸೊಪ್ಪು ಒಣಗುತ್ತದೆ, ಹುಳು ತಿನ್ನುವುದಿಲ್ಲ. ಅದಕ್ಕೇ ಗೋಡೆಗೊಂದು ಸೆನ್ಸಾರ್ ಹಾಕಿದ್ದರು. ತೇವ ಕಡಿಮೆಯಾದರೆ ಅದು ವೈಫೈನಿಂದ ಇಂಟರ್ನೆಟ್ ಹಿಡಿದು, ಇಬ್ಬರೂ ಎಲ್ಲೇ ಇರಲಿ, ಇಬ್ಬರ ಮೊಬೈಲಿಗೂ ಅಲಾರಂ ಹೊಡೆಯುತ್ತಿತ್ತು. ಸಿಡಿಲಿಗೆ ವೈಫೈ ಪೆಟ್ಟಿಗೆ ಸುಟ್ಟುಹೋಗಿ ಸೆನ್ಸಾರ್ ಮೂಕವಾಯಿತು.

ರಾಧಾಮಣಿ ಸೆನ್ಸಾರನ್ನು ಬಿಚ್ಚಿ ಬ್ಯಾಗಿಗೆ ಹಾಕಿಕೊಂಡು ಕನಕಪುರದ ಬಸ್ಸು ಹತ್ತಿದಳು. ಮನೋಹರ್ ಆಗ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದ.

ಕಂಪ್ಯೂಟರ್ ಅಂಗಡಿಯ ಸುಹೇಲ್ ಆಕ್ಸೆಸ್ ಪಾಯಿಂಟ್ ಎಂಬ ವೈಫೈ ಪೆಟ್ಟಿಗೆಯೊಂದನ್ನು ಮುಂದಿಟ್ಟ.

"ಲೇಟೆಸ್ಟ್ ವೈಫೈ ಅಕ್ಕಾ. ನಿಮ್ಮ ಮೊಬೈಲ್ ಇದ್ರಲ್ಲಿ ಹಾರ್ತದೆ."

"ಮೊಬೈಲ್ ಹಾರೋದು ಬ್ಯಾಡ. ಇದು ಹಿಡೀತದಾ ನೋಡಿ," ಎಂದು ಅವಳು ಸೆನ್ಸಾರ್ ತೆಗೆದಿಟ್ಟಳು.

ಹಿಡಿಯಲಿಲ್ಲ. ಸುಹೇಲ್ ತಲೆ ಕೆರೆದುಕೊಂಡ. "ಇದು ಫೈವ್ ಗಿಗಾಹರ್ಟ್ಸ್ ಅಲೆ ಮಾತ್ರ ಬಿಡ್ತದೆ. ನಿಮ್ಮ ಸೆನ್ಸಾರ್ ಹಳೇದು, ಅದಕ್ಕೆ ಟೂ ಪಾಯಿಂಟ್ ಫೋರ್ ಬಿಟ್ರೆ ಏನೂ ಗೊತ್ತಿಲ್ಲ. ಹೊಸ ಸೆನ್ಸಾರ್ ತಗೊಂಬುಡಿ."

"ಕೆಲ್ಸ ಮಾಡೋದನ್ನ ಯಾಕೆ ಎಸೀಲಿ? ಹಳೇದು, ಹೊಸದು ಎರಡೂ ಹಿಡಿಯೋದು ಐತಾ?"

ಇತ್ತು. ಒಳಗಿನಿಂದ ತಂದು ಜೋಡಿಸಿದ. ಸೆನ್ಸಾರಿನ ಹಸಿರು ದೀಪ ಹತ್ತಿತು. ಸುಹೇಲ್ ಡಬ್ಬ ಕಟ್ಟಲು ಹೊರಟ.

"ಇರಿ," ಎಂದಳು ರಾಧಾಮಣಿ. "ದೀಪ ಹತ್ಬುಟ್ರೆ ಆಯ್ತಾ? ಅಲಾರಂ ಬರ್ಲಿ."

ಅಂಗಡಿಯ ಎ.ಸಿ. ಗಾಳಿಗೆ ಸೆನ್ಸಾರ್ ಹಿಡಿದು ಕೂತಳು. ತೇವ ಸರಸರ ಇಳಿದು ಅಲಾರಂ ಹೊಡೆಯಿತು. ಅವಳಿಗೆ ಸಮಾಧಾನವಾಯಿತು. ಖಾತ್ರಿಯಾಗಲಿ ಎಂದು ಇನ್ನೂ ಒಸಿ ಹೊತ್ತು ಹಿಡಿದಳು.

ಸಾತನೂರಿನಲ್ಲಿ ಮನೋಹರನ ಮೊಬೈಲೂ ಹೊಡೆಯಿತು. ಅವನು ವೈಫೈ ಸುಟ್ಟದ್ದನ್ನೂ ಮರೆತು ತೋಟದಿಂದ ಓಡಿಬಂದು ಗೋಣಿಚೀಲ ನೆನೆಸಿ ಚಾಕಿ ಕೋಣೆಯ ಸುತ್ತಲೂ ತೂಗುಹಾಕಿದ. ಅಲಾರಂ ನಿಲ್ಲಲಿಲ್ಲ. ನೆಲಕ್ಕೆ ಕೊಡಗಟ್ಟಲೆ ನೀರು ಸುರಿದ. ನಿಲ್ಲಲಿಲ್ಲ. ಗೋಡೆಗೆ ಎರಚಲು ಹೋದಾಗ ಸೆನ್ಸಾರಿನ ಜಾಗದಲ್ಲಿ ಬರೀ ಮೊಳೆ ಕಂಡಿತು. ಫೋನ್ ಮಾಡಿದ.

"ಸೆನ್ಸಾರ್ ಎಲ್ಲೇ?"

"ನನ್ ಕೈಯಾಗೈತೆ. ಕನಕಪುರದಾಗೆ, ಎ.ಸಿ. ಕೆಳಗೆ."

ಮನೋಹರ್ ಕಾಲಡಿಯ ನೀರು ನೋಡಿದ. "ಇಲ್ಲಿ ಕೆರೆ ಆಗೋಗೈತೆ ಕಣೇ."

"ಕಿಟಕಿ ಎಲ್ಲಾ ತೆಗೀರಿ. ಹುಳದ್ ಮ್ಯಾಲೆ ಸುಣ್ಣದ ಪುಡಿ ಉದುರ್ಸಿ, ತೇವ ಹೀರ್ತದೆ. ಬತ್ತೀನಿ."

ಪೆಟ್ಟಿಗೆ ಕೊಂಡು ಅವಳು ಸಿಕ್ಕ ಮೊದಲ ಬಸ್ಸು ಹತ್ತಿದಳು. ಹೆಚ್ಚು ತೇವವೂ ಹುಳುವಿಗೆ ಕೇಡೇ. ಮನೆ ಸೇರಿ ಗಂಡ ಹೆಂಡತಿ ನೆಲ ಒರೆಸಿದರು, ನೆಂದ ಸೊಪ್ಪು ತೆಗೆದು ತಟ್ಟೆ ತಟ್ಟೆಗೂ ಸುಣ್ಣ ಉದುರಿಸಿದರು. ಬೆಳಿಗ್ಗೆ ಹುಳುಗಳು ಏನೂ ಆಗಿಲ್ಲವೆಂಬಂತೆ ಸೊಪ್ಪು ತಿನ್ನುತ್ತಿದ್ದವು. ಆ ಸಲದ ಚಾಕಿ ಉಯ್ಯಂಬಳ್ಳಿಯ ರೈತರಿಗೆ ಹೋಯಿತು. ಯಾರೂ ದೂರು ತರಲಿಲ್ಲ.

ಹೊಸ ಪೆಟ್ಟಿಗೆ ಜಗುಲಿಯಲ್ಲಿದೆ. ಸೆನ್ಸಾರಿಗೂ ಹಿಡಿಯುತ್ತದೆ, ಮೊಬೈಲಿಗೂ ಹಿಡಿಯುತ್ತದೆ. ಅಲಾರಂ ಹೊಡೆದರೆ ಮನೋಹರ್ ಈಗ ಕೊಡ ಮುಟ್ಟುವುದಿಲ್ಲ, ಮೊದಲು ಹೆಂಡತಿಗೆ ಫೋನ್ ಮಾಡುತ್ತಾನೆ. ಅವಳು ಪಕ್ಕದ ಕೋಣೆಯಲ್ಲಿದ್ದರೂ ಸರಿಯೇ.